ಗುಟ್ಟು ಕಾಯುವ ಹೆಸರು: ಕಥೆಯೊಳಗಿನ ಮಾಂತ್ರಿಕ ಶಾಲೆಗೆ ಹೆಸರಿಡುವ ಬಗೆ

ಕಲ್ಪನಾಕಥೆಗಳ ಹಸ್ತಪ್ರತಿಗಳನ್ನು ಓದುವಾಗ ಒಂದು ತೊಡಕು ನನಗೆ ಮತ್ತೆ ಮತ್ತೆ ಎದುರಾಗಿದೆ. ಊರಿನ ಒಬ್ಬರಿಗೂ ಸುಳಿವು ಸಿಗದಂತೆ ಮುನ್ನೂರು ವರ್ಷಗಳಿಂದ ನಡೆದುಬಂದಿರುವ ಮಾಂತ್ರಿಕ ಶಾಲೆಯೊಂದಿದೆ ಎಂದು ಲೇಖಕರು ಮೊದಲ ಅಧ್ಯಾಯದಲ್ಲಿ ಹೇಳುತ್ತಾರೆ. ಆದರೆ ಅದರ ಹೆಬ್ಬಾಗಿಲ ಮೇಲೆ ‘ಮಾಯಾವಿದ್ಯಾ ಮಹಾಪೀಠ’ ಎಂದು ಕೆತ್ತಿಸಿರುತ್ತಾರೆ. ಗೋಡೆ ಎತ್ತರವಾಗಿರುತ್ತದೆ, ಕಾಡು ದಟ್ಟವಾಗಿರುತ್ತದೆ, ಕಾವಲಿನವರು ಎಚ್ಚರವಾಗಿರುತ್ತಾರೆ, ಹೆಸರು ಮಾತ್ರ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಿರುತ್ತದೆ. ಅಕ್ಷರ ಬಲ್ಲ ಒಬ್ಬ ಮನುಷ್ಯನೂ ಇಷ್ಟು ವರ್ಷಗಳಲ್ಲಿ ಆ ದಾರಿಯಲ್ಲಿ ಹಾದುಹೋಗಲಿಲ್ಲವೇ ಎಂಬ ಪ್ರಶ್ನೆ ಓದುಗರಲ್ಲಿ ಎದ್ದ ಕ್ಷಣವೇ ಕಥೆಯ ಮೇಲಿನ ಅವರ ನಂಬಿಕೆ ಸಡಿಲವಾಗುತ್ತದೆ.

ಇದನ್ನು ಸರಿಪಡಿಸಹೊರಟವರಲ್ಲಿ ಹಲವರು ‘ನೆರಳುಮನೆ’, ‘ಮೌನಗಿರಿ’, ‘ಮಂಜಿನ ಕೋಟೆ’ ಎಂಬಂಥ ಹೆಸರುಗಳಿಗೆ ಬಂದು ನಿಲ್ಲುತ್ತಾರೆ. ಅವುಗಳಲ್ಲಿ ಮಾಯೆ ಎಂಬ ಮಾತು ಇಲ್ಲ, ನಿಜ. ಆದರೆ ಇಲ್ಲಿ ಏನೋ ಅಡಗಿದೆ ಎಂಬ ಸೂಚನೆ ಇದೆ, ಮತ್ತು ಅಷ್ಟು ಸೂಚನೆಯೇ ಕೆಲಸ ಕೆಡಿಸಲು ಸಾಕು. ಗುಟ್ಟು ಕಾಯುವ ಹೆಸರು ಕುತೂಹಲವನ್ನು ಕೆರಳಿಸಬಾರದು, ತಣಿಸಬೇಕು. ಅಂಚೆಯವನೋ ಹಾಲಿನವನೋ ಗ್ರಾಮಲೆಕ್ಕಿಗನೋ “ಅದೇನು ಕಟ್ಟಡ?” ಎಂದು ಕೇಳಿದಾಗ ಸಿಗುವ ಉತ್ತರ ಎಷ್ಟು ಸಪ್ಪೆಯಾಗಿರಬೇಕೆಂದರೆ, ಎರಡನೆಯ ಪ್ರಶ್ನೆ ಅವನಿಗೆ ಹೊಳೆಯಲೇಬಾರದು. ಈ ಬರಹದಲ್ಲಿ ನಾನು ಹೇಳುವುದೆಲ್ಲವೂ ಈ ಒಂದು ಅಳತೆಯನ್ನೇ ಹಿಡಿದು ಹೊರಟಿದೆ.

ಮರೆಮಾಚುವ ವಿದ್ಯೆಯನ್ನು ನಾವು ಬೇರೆಲ್ಲಿಂದಲೋ ಕಲಿಯಬೇಕಾಗಿಲ್ಲ, ಅದು ನಮ್ಮ ಮನೆಮಾತಿನಲ್ಲಿಯೇ ಇದೆ. ಕತ್ತಲಾದ ಮೇಲೆ ಹಾವನ್ನು ಹಾವೆನ್ನದೆ ‘ಹುಳ’ ಎನ್ನುತ್ತೇವೆ. ಮೈಮೇಲೆ ಸೀತಾಳೆ ಸಿಡುಬಿನ ಗುಳ್ಳೆ ಎದ್ದರೆ ‘ಅಮ್ಮ ಆಗಿದೆ’ ಎನ್ನುತ್ತೇವೆ. ದೀಪವನ್ನು ಆರಿಸು ಎನ್ನಲು ಬಾಯಿ ಬಾರದೆ ‘ಶಾಂತ ಮಾಡು’ ಎನ್ನುತ್ತೇವೆ, ಹೊರಟು ನಿಂತವರು ‘ಬರುತ್ತೇನೆ’ ಎನ್ನುತ್ತಾರೆ. ಇಲ್ಲಿ ಮುಚ್ಚಳವಾಗಿ ಬಂದ ಪದಗಳಲ್ಲಿ ಒಂದೂ ನಿಗೂಢವಾದದ್ದಲ್ಲ ಎಂಬುದನ್ನು ಗಮನಿಸಬೇಕು. ಹುಳ, ಅಮ್ಮ, ಶಾಂತ, ಬರುವುದು ಎಲ್ಲವೂ ದಿನಬಳಕೆಯ ಮಾತುಗಳು. ಮುಚ್ಚಬೇಕಾದ ವಸ್ತು ಎಷ್ಟು ದೊಡ್ಡದೋ ಅದನ್ನು ಮುಚ್ಚುವ ಪದ ಅಷ್ಟು ಚಿಕ್ಕದು, ಅಷ್ಟು ಮನೆಯದು.

ಜಗತ್ತಿನ ದೊಡ್ಡ ಗುಟ್ಟುಗಳನ್ನು ಕಾದವರೂ ಇದೇ ದಾರಿಯನ್ನು ಹಿಡಿದಿದ್ದಾರೆ. 1942ರಲ್ಲಿ ಅಮೆರಿಕದ ಸೇನೆ ಅಣುಬಾಂಬಿನ ಕೆಲಸಕ್ಕೆ ಕೈಹಾಕಿದಾಗ ‘ಬದಲಿ ವಸ್ತುಗಳ ಅಭಿವೃದ್ಧಿ’ ಎಂಬ ಅರ್ಥದ ಹೆಸರೊಂದು ಮೊದಲು ಮುಂದೆ ಬಂದಿತ್ತು. ಆ ಹೆಸರು ಕೇಳಿದವರು ಯಾವ ವಸ್ತು, ಯಾವುದಕ್ಕೆ ಬದಲಿ ಎಂದು ಯೋಚಿಸಲಾರಂಭಿಸುತ್ತಾರೆ ಎಂಬ ಕಾರಣಕ್ಕೆ ಅದನ್ನು ಕೈಬಿಟ್ಟು, ಎಂಜಿನಿಯರ್ ವಿಭಾಗಗಳಿಗೆ ಕಚೇರಿ ಇರುವ ಊರಿನ ಹೆಸರನ್ನೇ ಇಡುವ ಸೇನೆಯ ವಾಡಿಕೆಯಂತೆ ‘ಮ್ಯಾನ್‌ಹಟ್ಟನ್’ ಎಂದು ಕರೆದರು. ಲಾಸ್ ಅಲಾಮೋಸ್‌ನಲ್ಲಿ ಹುಡುಗರ ಶಾಲೆಯೊಂದಿದ್ದ ಜಾಗದಲ್ಲಿ ಪ್ರಯೋಗಾಲಯ ಎದ್ದಾಗ ಅಲ್ಲಿನವರಿಗೆ ಸಿಕ್ಕ ವಿಳಾಸ ಸಾಂಟಾ ಫೆ ಊರಿನ ಅಂಚೆಪೆಟ್ಟಿಗೆ ಸಂಖ್ಯೆ 1663 ಮಾತ್ರ. ಅಲ್ಲಿ ಹುಟ್ಟಿದ ಮಕ್ಕಳ ಜನನಪತ್ರದಲ್ಲಿಯೂ ಹುಟ್ಟಿದ ಸ್ಥಳ ಎಂದು ಆ ಅಂಚೆಪೆಟ್ಟಿಗೆಯೇ ನಮೂದಾಯಿತು. ಹೊಸ ಹೆಸರನ್ನು ಹುಟ್ಟಿಸದೆ, ಈಗಾಗಲೇ ಇರುವ ವಾಡಿಕೆಯೊಳಗೆ ಸೇರಿಕೊಂಡದ್ದರಲ್ಲಿ ಅವರ ಜಾಣತನವಿದೆ.

ನಮ್ಮ ಹಳೆಯ ವಿದ್ಯಾಸ್ಥಾನಗಳ ಹೆಸರುಗಳನ್ನು ನೋಡಿದರೂ ಇದೇ ಪಾಠ ಸಿಗುತ್ತದೆ. ಅವು ಗುಟ್ಟಿನ ಸ್ಥಳಗಳಾಗಿರಲಿಲ್ಲ, ಆದರೂ ಅವುಗಳ ಹೆಸರು ಒಳಗಿನ ವೈಭವದ ಬಗ್ಗೆ ಏನನ್ನೂ ಹೇಳುವುದಿಲ್ಲ. ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಮಠದಲ್ಲಿ ವೇದಗಳ ಜೊತೆಗೆ ಪಾಣಿನೀಯ, ಶಾಕಟಾಯನ ಮುಂತಾದ ವ್ಯಾಕರಣಗಳನ್ನು ಹೇಳಿಕೊಡುತ್ತಿದ್ದರು, ರೋಗಿಗಳಿಗೆ ಔಷಧ ಕೊಡುತ್ತಿದ್ದರು, ಹಸಿದು ಬಂದವರಿಗೆ ಅನ್ನ ಹಾಕುತ್ತಿದ್ದರು ಎಂದು 1162ರ ಶಾಸನ ವರ್ಣಿಸುತ್ತದೆ. ಅಂಥ ಸ್ಥಳದ ಹೆಸರು ‘ಕೋಡಿಯ ಮಠ’. ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಜಾಗಕ್ಕೆ ಕೋಡಿ ಎನ್ನುತ್ತೇವೆ, ಅಷ್ಟೇ. ಕೇಳಿದವನಿಗೆ ಕೆರೆ ಕಾಣಿಸುತ್ತದೆ, ಮಠದೊಳಗೆ ನಡೆಯುವುದು ಕಾಣಿಸುವುದಿಲ್ಲ. ವಿಜಯಪುರ ಜಿಲ್ಲೆಯ ಸಾಲೋಟಗಿಯ ಕಥೆ ಇನ್ನೂ ಸೊಗಸಾದದ್ದು. 945ರ ಶಾಸನದ ಪ್ರಕಾರ ಪಾವಿಟ್ಟಗೆ ಎಂಬ ಆ ಊರಿನಲ್ಲಿ ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ವಸತಿಗಳಿದ್ದ ಶಾಲೆಯಿತ್ತು. ‘ಶಾಲಾ ಪಾವಿಟ್ಟಗೆ’ ಎಂಬುದೇ ಬಾಯಿಂದ ಬಾಯಿಗೆ ಸವೆದು ಸಾಲೋಟಗಿ ಆಯಿತು ಎಂದು ವಿದ್ವಾಂಸರು ಹೇಳುತ್ತಾರೆ. ಶಾಲೆ ಊರಿನ ಹೆಸರಿನೊಳಗೆ ಹೂತುಹೋಗಿ, ಸಾವಿರ ವರ್ಷ ಯಾರಿಗೂ ಅಡ್ಡಿಯಾಗದೆ ಬಸ್ಸಿನ ಹಲಗೆಯ ಮೇಲೆ ಓಡಾಡುತ್ತಿದೆ.

ಇನ್ನು ಕೆಲಸದ ಮಾತಿಗೆ ಬರುತ್ತೇನೆ. ಹೆಸರನ್ನು ಯೋಚಿಸುವ ಮೊದಲು ನಿಮ್ಮ ಶಾಲೆಯ ಬಾಗಿಲಿಗೆ ಯಾರು ಯಾರು ಬರಬಹುದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಇದನ್ನು ಮಾಡದ ಲೇಖಕರು ಸಾಮಾನ್ಯವಾಗಿ ಮಾಂತ್ರಿಕ ಶಾಲೆಯನ್ನು ಮಾಮೂಲಿ ಶಾಲೆಯ ವೇಷದಲ್ಲಿ ಅಡಗಿಸುತ್ತಾರೆ, ಮತ್ತು ಅದು ಇಂದಿನ ಕರ್ನಾಟಕದಲ್ಲಿ ನಡೆಯುವ ಕಥೆಗೆ ಸ್ವಲ್ಪವೂ ಒಗ್ಗದ ವೇಷ. ಗೋಡೆಯ ಮೇಲೆ ‘ಸ.ಹಿ.ಪ್ರಾ. ಶಾಲೆ’ ಎಂದು ಬರೆಸಿದ ಕೂಡಲೇ ಸರ್ಕಾರದ ಲೆಕ್ಕದಲ್ಲಿ ಶಾಲೆಯನ್ನು ಗುರುತಿಸುವ ಹನ್ನೊಂದು ಅಂಕಿಗಳ ಯು-ಡೈಸ್ ಸಂಖ್ಯೆ ಬೇಕಾಗುತ್ತದೆ, ಕ್ಷೇತ್ರ ಶಿಕ್ಷಣಾಧಿಕಾರಿಗಳು ತಪಾಸಣೆಗೆ ಬರುತ್ತಾರೆ, ಬಿಸಿಯೂಟದ ಅಕ್ಕಿಯ ಲೆಕ್ಕ ಕೊಡಬೇಕಾಗುತ್ತದೆ, ಹಳೆಯ ವಿದ್ಯಾರ್ಥಿಗಳ ಸಂಘ ಹುಟ್ಟಿಕೊಳ್ಳುತ್ತದೆ. ಖಾಸಗಿ ಶಾಲೆಯಾದರೆ ಮಗುವನ್ನು ಸೇರಿಸಲು ಬಂದ ತಂದೆತಾಯಿಯರನ್ನು ವರ್ಷವರ್ಷವೂ ಏನಾದರೂ ನೆಪ ಹೇಳಿ ಹಿಂದೆ ಕಳಿಸಬೇಕಾಗುತ್ತದೆ. ಶಾಲೆ ಎಂಬುದು ಜನರನ್ನು ಕರೆಯುವ ಪದ, ಆದ್ದರಿಂದ ಶಾಲೆಯನ್ನು ಅಡಗಿಸಲು ಅದು ತಕ್ಕದ್ದಲ್ಲ.

ಹಾಗಾದರೆ ಯಾವ ವೇಷ ತಕ್ಕದ್ದು? ಹೊರಗಿನವರು ಒಳಗೆ ಬರಬಾರದು ಎಂಬುದು ಎಲ್ಲಿ ಸಹಜವೆಂದು ಜನ ಈಗಾಗಲೇ ಒಪ್ಪಿಕೊಂಡಿದ್ದಾರೋ ಅದು. ನಾನು ಬಹಳ ಯೋಚಿಸಿ ಆರಿಸಿಕೊಂಡ ಒಂದು ಉದಾಹರಣೆಯನ್ನು ಇಲ್ಲಿ ಬಿಡಿಸಿ ತೋರಿಸುತ್ತೇನೆ. ರಾಮನಗರ, ಶಿಡ್ಲಘಟ್ಟದ ಕಡೆ ರೇಷ್ಮೆಹುಳುಗಳನ್ನು ಮೊಟ್ಟೆಯಿಂದ ಹೊರಬಂದಾಗಿನಿಂದ ಎರಡನೆಯ ಸಲ ಪೊರೆ ಕಳಚುವವರೆಗೆ ಸಾಕಿ ರೈತರಿಗೆ ಕೊಡುವ ಚಾಕಿ ಸಾಕಾಣಿಕೆ ಕೇಂದ್ರಗಳಿವೆ. ಎಳೆಯ ಹುಳುಗಳಿಗೆ ಸೋಂಕು ತಗಲೀತೆಂದು ಅಲ್ಲಿ ಕಂಡವರನ್ನೆಲ್ಲ ಒಳಗೆ ಬಿಡುವುದಿಲ್ಲ. ಬಾಗಿಲಲ್ಲಿ ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಇರುತ್ತದೆ, ಕಾಲು ಅದ್ದಿಯೇ ಒಳಗೆ ಹೋಗಬೇಕು. ಹದವಾದ ಬಿಸಿಯನ್ನೂ ತೇವವನ್ನೂ ಕಾಯ್ದುಕೊಳ್ಳಲು ಕಿಟಕಿಗಳು ಮುಚ್ಚಿರುತ್ತವೆ. ಅಂಥ ಕಟ್ಟಡವನ್ನು ಕಂಡು ಆ ಸೀಮೆಯ ಯಾರೂ ಅಚ್ಚರಿಪಡುವುದಿಲ್ಲ, ಇಣುಕಿ ನೋಡಲು ಹೋದವನನ್ನು ಊರಿನವರೇ ಗದರಿಸುತ್ತಾರೆ. ನಿಮ್ಮ ಗುಟ್ಟಿನ ಕಾವಲು ಊರಿನವರ ಕೈಗೇ ಹೋಯಿತು.

ಈಗ ಆ ಕಸುಬಿನ ಮಾತುಗಳನ್ನು ಹತ್ತಿರದಿಂದ ನೋಡಿ. ಹುಳು ಪೊರೆ ಕಳಚುವ ಮೊದಲು ಸೊಪ್ಪು ತಿನ್ನದೆ ತಲೆಯೆತ್ತಿ ನಿಶ್ಚಲವಾಗಿ ಕೂರುತ್ತದೆ. ರೇಷ್ಮೆ ಬೆಳೆಗಾರರು ಇದನ್ನು ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂರುತ್ತದೆ, ಜ್ವರದಿಂದ ಏಳುತ್ತದೆ. ಹೀಗೆ ನಾಲ್ಕು ಜ್ವರ ಕಳೆದು ಕೊನೆಗೆ ಹುಳು ಹಣ್ಣಾಗುತ್ತದೆ, ಆಗ ಅದನ್ನು ಚಂದ್ರಿಕೆ ಎಂಬ ತಟ್ಟಿಗೆ ಬಿಡುತ್ತಾರೆ, ಅಲ್ಲಿ ಅದು ಗೂಡು ಕಟ್ಟುತ್ತದೆ. ಒಂದು ಮಾಂತ್ರಿಕ ಶಾಲೆಯ ತರಗತಿಗಳ ಹೆಸರೆಲ್ಲವೂ ಇಲ್ಲಿ ಸಿದ್ಧವಾಗಿವೆ. ನಿಮ್ಮ ಕಥೆಯಲ್ಲಿ ಬಾವಿಕಟ್ಟೆಯ ಬಳಿ ಇಬ್ಬರು ಹೆಂಗಸರು ಮಾತಾಡಿಕೊಳ್ಳಲಿ.

“ಏನ್ ಜಯಮ್ಮ, ನಿನ್ ಮಗ ಕಾಣಿಸ್ತಾನೇ ಇಲ್ವಲ್ಲ?”

“ಚಾಕಿ ಮನೆ ತಾವ ಅವ್ನೆ ಕಣಕ್ಕ.”

“ಎಷ್ಟನೇ ಜ್ವರ?”

“ಎರಡಕ್ಕೆ ಕೂತವೆ. ಎದ್ದ ಮ್ಯಾಲೆ ಬತ್ತಾನೆ.”

ಕೇಳಿದವಳು ಹುಳುಗಳ ಲೆಕ್ಕ ಕೇಳಿದಳು, ಹೇಳಿದವಳು ಮಗನ ತರಗತಿಯನ್ನು ಹೇಳಿದಳು, ಇಬ್ಬರೂ ಸುಳ್ಳಾಡಲಿಲ್ಲ. ಮೊದಲ ಓದಿನಲ್ಲಿ ಇದು ಊರಿನ ಬದುಕಿನ ಒಂದು ಸಾಮಾನ್ಯ ಚಿತ್ರವಾಗಿ ಹಾದುಹೋಗುತ್ತದೆ. ಗುಟ್ಟು ತಿಳಿದ ಮೇಲೆ ಹಿಂದಿರುಗಿ ಓದಿದವರಿಗೆ, ಎಳೆಯದನ್ನು ಕಾಪಾಡಿ ಎರಡು ಜ್ವರ ದಾಟಿಸಿ ಹೊರಗಿನವರ ಕೈಗೆ ಒಪ್ಪಿಸುವ ಮನೆ ಎಂಬ ಅರ್ಥ ಅದೇ ಸಾಲಿನಲ್ಲಿ ತೆರೆದುಕೊಳ್ಳುತ್ತದೆ. ಎರಡನೆಯ ಜ್ವರ ಎದ್ದ ಹುಳುಗಳನ್ನು ರೈತರ ಮನೆಗಳಿಗೆ ಹಂಚುವಂತೆ, ಎರಡು ತರಗತಿ ಮುಗಿಸಿದ ಮಕ್ಕಳನ್ನು ಒಬ್ಬೊಬ್ಬರಾಗಿ ಅನುಭವಿಗಳ ಮನೆಗಳಿಗೆ ಕಳಿಸುವ ಏರ್ಪಾಡನ್ನು ಕಥೆಗೆ ತಂದುಕೊಂಡರೆ ಹೆಸರು ಬರಿಯ ವೇಷವಾಗಿ ಉಳಿಯುವುದಿಲ್ಲ, ಶಾಲೆಯ ನಡೆಯನ್ನೇ ತಿದ್ದುತ್ತದೆ. ನನಗೆ ಬಹಳ ಮುಖ್ಯವೆನಿಸುವ ಸಂಗತಿ ಇದು: ಹೊದಿಕೆಯ ಹೆಸರು ಸುಳ್ಳಾಗಿರಬಾರದು. ಅದು ಹೊರಗಿನವರಿಗೂ ಒಳಗಿನವರಿಗೂ ಬೇರೆ ಬೇರೆ ಬಗೆಯಲ್ಲಿ ನಿಜವಾಗಿರಬೇಕು.

ಆದರೆ ಕಸುಬನ್ನು ಅರ್ಧಂಬರ್ಧ ತಿಳಿದು ಹೆಸರಿಟ್ಟರೆ ಅದೇ ಹೆಸರು ನಿಮ್ಮನ್ನು ಹಿಡಿದುಕೊಡುತ್ತದೆ. ಒಂದು ತಂಡದ ಚಾಕಿ ಹತ್ತು ದಿನಗಳೊಳಗೆ ಮುಗಿಯುತ್ತದೆ ಎಂಬುದು ಆ ಸೀಮೆಯ ಎಲ್ಲರಿಗೂ ಗೊತ್ತು. ಜಯಮ್ಮನ ಮಗ ಆರು ತಿಂಗಳು ಎರಡನೆಯ ಜ್ವರದಲ್ಲಿಯೇ ಇದ್ದರೆ ಪಕ್ಕದ ಮನೆಯವಳಿಗೆ ಅನುಮಾನ ಬಂದೇ ಬರುತ್ತದೆ. ಆದ್ದರಿಂದ ಒಂದರ ಹಿಂದೊಂದು ತಂಡ ಏಳಿಸುವ ದೊಡ್ಡ ಕೇಂದ್ರವನ್ನು ಕಲ್ಪಿಸಬೇಕು, ಸುತ್ತಲೂ ಹಿಪ್ಪುನೇರಳೆ ತೋಟವಿರಬೇಕು, ಕೆಲವು ರೈತರಿಗಾದರೂ ಅಲ್ಲಿಂದ ನಿಜವಾಗಿಯೂ ಹುಳು ಹೋಗಬೇಕು. ವೇಷ ದುಡಿಯುವ ವೇಷವಾಗಿರಬೇಕು.

ಒಂದು ಶಾಲೆಗೆ ಒಂದೇ ಹೆಸರು ಸಾಲದು ಎಂಬುದು ನಂತರದ ಹೆಜ್ಜೆ. ದಾಖಲೆಯಲ್ಲಿ ಒಂದು ಹೆಸರಿರುತ್ತದೆ, ಊರಿನ ಬಾಯಲ್ಲಿ ಅದು ತುಂಡಾಗಿರುತ್ತದೆ, ಒಳಗಿನವರು ಅದನ್ನೂ ಬಿಟ್ಟು ಇನ್ನೇನೋ ಅನ್ನುತ್ತಾರೆ. ದಾಖಲೆಯ ಹೆಸರಿಗೆ ನಮ್ಮ ಕಂದಾಯ ಇಲಾಖೆಯ ಭಾಷೆ ಒಂದು ಗಣಿಯಿದ್ದಂತೆ. ಜನವಸತಿಯಿಲ್ಲದೆ ಕಾಗದದಲ್ಲಿ ಮಾತ್ರ ಉಳಿದಿರುವ ಗ್ರಾಮವನ್ನು ಬೇಚರಾಕ್ ಗ್ರಾಮ ಎನ್ನುತ್ತಾರೆ. ದೀಪವಿಲ್ಲದ್ದು ಎಂಬ ಅರ್ಥದ ಪಾರಸಿ ಮಾತಿನಿಂದ ಬಂದ ಪದವದು. ಬೆಳಕನ್ನು ಅಡಗಿಸಿಟ್ಟ ಊರಿಗೆ ಸರ್ಕಾರವೇ ದೀಪವಿಲ್ಲದ್ದು ಎಂದು ಮುದ್ರೆ ಒತ್ತಿರುವಾಗ ಲೇಖಕರು ಬೇರೆ ಹೆಸರನ್ನು ಹುಡುಕಬೇಕೇ? ಅಮೃತ್ ಮಹಲ್ ದನಗಳಿಗಾಗಿ ಬಿಟ್ಟ ಹುಲ್ಲುಗಾವಲುಗಳಿಗೆ ‘ಕಾವಲು’ ಎನ್ನುವುದನ್ನೂ ನೆನಪಿಡಿ. ದನ ಮೇಯುವ ಜಾಗ ಎಂದುಕೊಂಡು ಪಹಣಿ ಓದಿದವನ ಕಣ್ಣು ಮುಂದೆ ಸರಿಯುತ್ತದೆ, ಅದೇ ಪದ ಒಳಗಿನವರಿಗೆ ಬೇರೆಯದನ್ನು ಹೇಳುತ್ತದೆ. ಒಳಗಿನವರ ಹೆಸರಂತೂ ಆದಷ್ಟು ಚಿಕ್ಕದಾಗಿರಲಿ. ಕೋಡಿಯಾಚೆ, ಮೇಲಿನಮನೆ, ದೊಡ್ಡಮ್ಮನ ಮನೆ ಎಂಬಷ್ಟು ಸಾಕು. ಏಪ್ರಿಲ್ ಬಂದೊಡನೆ ಅಜ್ಜಿ ಮನೆಗೆ ಹೊರಡುವ ಮಕ್ಕಳ ನಡುವೆ ನಿಮ್ಮ ಕಥೆಯ ಹುಡುಗಿಯೂ ಒಂದು ಚೀಲ ಹಿಡಿದು ಬಸ್ಸು ಹತ್ತಿದರೆ ಯಾರೂ ತಿರುಗಿ ನೋಡುವುದಿಲ್ಲ.

ಹಳೆಯ ಶಾಲೆಯಾದರೆ ಹೆಸರನ್ನು ಸವೆಸಬೇಕಾಗುತ್ತದೆ. ಮೊದಲು ಅರ್ಥ ಬಿಚ್ಚಿ ಹೇಳುವ ಹೆಸರನ್ನೇ ಇಡಿ, ಆಮೇಲೆ ಅದನ್ನು ನಾಲ್ಕೈದು ತಲೆಮಾರುಗಳ ಬಾಯಿಗೆ ಒಪ್ಪಿಸಿ. ಕಣ್ಕಟ್ಟು ವಿದ್ಯೆ ಕಲಿಸುವ ಹಳ್ಳಿ ‘ಕಣ್ಕಟ್ಟಿನ ಹಳ್ಳಿ’ ಎಂದಿರಲಿ. ಮಾತಿನ ವೇಗಕ್ಕೆ ಅರ್ಧಾಕ್ಷರ ಪೂರ್ಣಾಕ್ಷರವಾಗಿ ‘ಕಣಕಟ್ಟಿನಹಳ್ಳಿ’ ಆಗುತ್ತದೆ, ಬರೆಯುವ ಶಾನುಭೋಗನು ಇದು ರಾಗಿ ಒಕ್ಕುವ ಕಣವೂ ಕೂರುವ ಕಟ್ಟೆಯೂ ಇರಬೇಕೆಂದು ಊಹಿಸಿ ‘ಕಣಕಟ್ಟೆ’ ಎಂದು ತಿದ್ದುತ್ತಾನೆ. ಮಾಯೆ ಹೋಗಿ ಒಕ್ಕಣೆ ಉಳಿಯಿತು. ಈ ಹೆಸರನ್ನು ಕಟ್ಟಿದ ಸಂತೋಷದಲ್ಲಿ ನಕ್ಷೆ ತೆರೆದಾಗ ಅರಸೀಕೆರೆ ತಾಲ್ಲೂಕಿನಲ್ಲಿ ಕಣಕಟ್ಟೆ ಎಂಬ ನಿಜವಾದ ಊರೇ ಇರುವುದು ಕಾಣುತ್ತದೆ. ಕಟ್ಟಿದ ಹೆಸರು ಇರುವ ಊರಿನ ಹೆಸರಿನಂತೆಯೇ ಬಂದಿತೆಂದರೆ ಸವೆಸಿದ ಬಗೆ ಸರಿಯಾಗಿದೆ ಎಂದರ್ಥ. ಆದರೂ ನಿಜವಾದ ಊರಿನ ಮೇಲೆ ಮಾಟದ ಕಥೆಯನ್ನು ಹೊರಿಸುವುದು ಉಚಿತವಲ್ಲ, ಆದ್ದರಿಂದ ಒಂದಕ್ಷರ ಸರಿಸಿ ಬೇರೆ ರೂಪ ಮಾಡಿಕೊಳ್ಳಬೇಕು.

ಇನ್ನು ಕೆಲವು ಪದಗಳು ತಾವಾಗಿಯೇ ಸವೆದು ಬಂದಿವೆ. ಅಗ್ರಹಾರ ಎಂದರೆ ಒಂದು ಕಾಲಕ್ಕೆ ವಿದ್ವಾಂಸರಿಗೆ ದತ್ತಿ ಬಿಟ್ಟ ಊರು, ಓದಿನ ನೆಲೆ. ಇಂದು ಬೆಂಗಳೂರಿನವರಿಗೆ ಪರಪ್ಪನ ಅಗ್ರಹಾರ ಎಂದರೆ ಸೆರೆಮನೆ ನೆನಪಾಗುತ್ತದೆ. ಘಟಿಕಾಸ್ಥಾನ ಎಂದರೆ ಉನ್ನತ ವಿದ್ಯೆಯ ಕೇಂದ್ರ. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದಲ್ಲಿ ಗ್ರಂಥಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರೆಂದು 1058ರ ಶಾಸನ ತಿಳಿಸುತ್ತದೆ. ಇಂದು ಘಟಿಕೆ ಎಂದರೆ ಹೊತ್ತಿನ ಅಳತೆಯಷ್ಟೇ ನೆನಪಾಗುವುದರಿಂದ, ಗಡಿಯಾರ ರಿಪೇರಿ ಅಂಗಡಿಯೊಂದಕ್ಕೆ ‘ಘಟಿಕಾ’ ಎಂದು ಹೆಸರಿದ್ದರೆ ದಾರಿಹೋಕರಿಗೆ ಅದು ಅಚ್ಚುಕಟ್ಟಾದ ಹೆಸರು, ಶಾಸನ ಓದಬಲ್ಲ ಪಾತ್ರವೊಂದಕ್ಕೆ ಮಾತ್ರ ಎದೆ ಝಲ್ಲೆನ್ನಿಸುವ ಹೆಸರು. ಅಂಥ ಪಾತ್ರವೊಂದನ್ನು ಕಥೆಯಲ್ಲಿ ಇಟ್ಟುಕೊಂಡರೆ ಗುಟ್ಟು ಬಯಲಾಗುವ ದಾರಿಯೂ ಸಹಜವಾಗಿ ಸಿಗುತ್ತದೆ.

ಹೆಸರಿಟ್ಟಾದ ಮೇಲೆ ಅದಕ್ಕೊಂದು ಸುಳ್ಳು ಹುಟ್ಟುಕಥೆಯನ್ನೂ ಊರಿನವರ ಬಾಯಲ್ಲಿ ಇಡಿ. ಜನ ಅರ್ಥವಾಗದ ಹೆಸರನ್ನು ಹಾಗೆಯೇ ಬಿಡುವುದಿಲ್ಲ, ಕಥೆ ಕಟ್ಟಿಯೇ ತೀರುತ್ತಾರೆ. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಬೆಂಗಳೂರು ಎಂಬ ಹೆಸರು ಬಂತೆಂಬ ಕಥೆಯನ್ನು ನಾವೆಲ್ಲರೂ ಕೇಳಿ ಬೆಳೆದಿದ್ದೇವೆ. ಆದರೆ ಆ ದೊರೆಗಿಂತ ಶತಮಾನಗಳ ಹಿಂದಿನ, ಸುಮಾರು 890ರ ಬೇಗೂರು ಶಾಸನದಲ್ಲಿಯೇ ಬೆಂಗಳೂರಿನ ಕಾಳಗದ ಮಾತಿದೆ. ಶಾಸನ ಸಿಕ್ಕ ಮೇಲೂ ಮುದುಕಿಯ ಕಥೆ ಅಳಿಯಲಿಲ್ಲ. ಅಷ್ಟು ಗಟ್ಟಿಯಾದ ಹೊದಿಕೆಯನ್ನು ಯಾವ ಮಂತ್ರವೂ ಕೊಡಲಾರದು.

ಸೀಮೆಯ ಬಗ್ಗೆ ಎಚ್ಚರ ಬೇಕು. ಕಾನು, ಮಕ್ಕಿ, ಗದ್ದೆ ಎಂದು ಮುಗಿಯುವ ಹೆಸರುಗಳು ಮಲೆನಾಡಿಗೆ ಸೇರಿದವು, ಅಡ್ಕ, ಪಾಡಿ, ಬೆಟ್ಟು ಎಂಬವು ಕರಾವಳಿಗೆ, ಹಾಳ, ವಾಡ ಎಂಬವು ಬಡಗಣಕ್ಕೆ. ಶಿರಾದ ಬಯಲಿನಲ್ಲಿ ‘ಬೈಲಡ್ಕ’ ಎಂದು ಕೇಳಿದರೆ ಅಲ್ಲಿನವರು ಯಾವ ಕಡೆಯವರು ನೀವು ಎಂದು ವಿಚಾರಿಸುತ್ತಾರೆ, ಮತ್ತು ವಿಚಾರಣೆಯೇ ನಮಗೆ ಬೇಡವಾದದ್ದು. ಹಾಗೆಂದು ನಿಜವಾದ ಹೆಸರುಗಳೆಲ್ಲವೂ ಹೊದಿಕೆಗೆ ಆಗುತ್ತವೆ ಎಂದೇನೂ ಇಲ್ಲ. ಸಿದ್ದಾಪುರದ ಕಡೆ ಕತ್ತಲೆಕಾನು ಎಂಬ ಕಾಡೇ ಇದೆ, ಆದರೂ ಕಥೆಯಲ್ಲಿ ಅದನ್ನು ಬಳಸಿದರೆ ಓದುಗರು ಮೊದಲ ಪುಟದಲ್ಲಿಯೇ ಕಿವಿ ನಿಮಿರಿಸುತ್ತಾರೆ.

‘ಮಾಟ’, ‘ವಾಮ’ ಎಂಬ ಬೇರುಗಳ ಹತ್ತಿರ ಹೋಗಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಮಾಟವಾದ ಮೂಗು, ಮಾಟವಾದ ಕೆಲಸ ಎಂಬ ಸುಂದರ ಬಳಕೆ ನಮ್ಮಲ್ಲಿದ್ದರೂ, ನಮ್ಮ ಹಳ್ಳಿಗಳಲ್ಲಿ ಆ ಪದದ ಹೆಸರಿನಲ್ಲಿ ಹೆಂಗಸರ ಮೇಲೆ, ಬಡವರ ಮೇಲೆ ನಡೆದ ಕ್ರೌರ್ಯದ ನೆನಪು ಅದಕ್ಕೆ ಅಂಟಿಕೊಂಡಿದೆ. 2017ರಲ್ಲಿ ರಾಜ್ಯದ ಶಾಸನಸಭೆ ವಾಮಾಚಾರದ ವಿರುದ್ಧ ಕಾಯ್ದೆಯನ್ನೇ ಅಂಗೀಕರಿಸಬೇಕಾಯಿತು. ಹಾಗೆಯೇ ನಿಜವಾದ ಮಠ, ದರ್ಗಾ, ಸಮುದಾಯಗಳ ಹೆಸರನ್ನು ಹೋಲುವ ಹೆಸರನ್ನು ಇಡಬಾರದು. ಕಥೆಯ ಗುಟ್ಟು ಕಾಯಲು ಜೀವಂತ ಜನರ ಮೇಲೆ ಅನುಮಾನದ ನೆರಳು ಬೀಳಿಸುವ ಹಕ್ಕು ನಮಗಿಲ್ಲ.

ಹೆಸರು ಸಿದ್ಧವಾದ ಮೇಲೆ ಅದನ್ನು ಗಟ್ಟಿಯಾಗಿ ಹೇಳಿ ಪರೀಕ್ಷಿಸಿ. ಕಂಡಕ್ಟರ್ ಬಾಗಿಲಲ್ಲಿ ನಿಂತು “ಯಾರ್ರೀ ಚಾಕಿ ಮನೆ, ಇಳೀರಿ” ಎಂದು ಕೂಗಿದಂತೆ ಕೂಗಿ ನೋಡಿ. ಲಕೋಟೆಯ ಮೇಲೆ ಹೆಸರು, ಮಜರೆ, ಅಂಚೆ, ಹೋಬಳಿ, ತಾಲ್ಲೂಕು ಎಂದು ಕ್ರಮವಾಗಿ ಬರೆದು ನೋಡಿ. ಮನೆಯಲ್ಲಿ ಕಥೆಯ ವಿಷಯ ತಿಳಿಯದ ಹಿರಿಯರೊಬ್ಬರಿಗೆ “ನಾಳೆ ಚಾಕಿ ಮನೆಗೆ ಹೋಗಿಬರಬೇಕು” ಎಂದು ಹೇಳಿ ಅವರ ಮುಖವನ್ನು ಗಮನಿಸಿ. ಅವರು ತಲೆಯಾಡಿಸಿ ಸುಮ್ಮನಾದರೆ ಹೆಸರು ಗೆದ್ದಿತು. “ಅದೇನದು?” ಎಂದರೆ ಇನ್ನೂ ಕೆಲಸ ಉಳಿದಿದೆ.

ಕಡೆಯದಾಗಿ, ಗುಟ್ಟು ಬಯಲಾಗುವ ಅಧ್ಯಾಯದಲ್ಲಿ ಹೆಸರಿನ ಅರ್ಥವನ್ನು ಯಾವ ಪಾತ್ರದ ಬಾಯಿಂದಲೂ ವಿವರಿಸಬೇಡಿ, ಓದುಗರು ಬಾವಿಕಟ್ಟೆಯ ಪುಟಕ್ಕೆ ತಾವೇ ಹಿಂದಿರುಗಲಿ. ಬಯಲಾದ ಮೇಲೂ ಹೆಸರನ್ನು ಬದಲಿಸಬೇಡಿ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ತಮ್ಮ ಹೊಸ ಉಕ್ಕಿನ ಕವಚದ ಯುದ್ಧವಾಹನವನ್ನು ಮರೆಮಾಚಲು ನೀರಿನ ತೊಟ್ಟಿ ಎಂಬ ಅರ್ಥದಲ್ಲಿ ಟ್ಯಾಂಕ್ ಎಂದು ಕರೆದರು, ಗುಟ್ಟು ರಣರಂಗದಲ್ಲಿ ಬಯಲಾಗಿ ನೂರು ವರ್ಷ ದಾಟಿದರೂ ಅದು ಟ್ಯಾಂಕ್ ಆಗಿಯೇ ಉಳಿದಿದೆ. ನಿಮ್ಮ ಕಾದಂಬರಿಯ ಕೊನೆಯ ಪುಟದಲ್ಲಿಯೂ ಆ ಹಲಗೆಯ ಮೇಲೆ ‘ಚಾಕಿ ಸಾಕಾಣಿಕೆ ಕೇಂದ್ರ’ ಎಂದೇ ಇರಲಿ, ಬಾಗಿಲ ಬಳಿ ಸುಣ್ಣದ ಪುಡಿಯೂ ಇರಲಿ.